ಸೋತವರಿಗೂ ಒಂದು ಅಂಕ

ನ್ಯಾಷನಲ್ ಹಾಕಿ ಲೀಗ್‌ನ 2024-25ರ ಸೀಸನ್ 2025ರ ಜನವರಿಗೆ ಅರ್ಧ ಮುಗಿದಿತ್ತು. ಅಮೆರಿಕ, ಕೆನಡಾಗಳ 32 ತಂಡ, ತಲಾ 82 ಪಂದ್ಯ, ಒಟ್ಟು 1,312 ಪಂದ್ಯಗಳ ಈ ಮಂಜುಗಡ್ಡೆಯ ಮಹಾಯಾಗದಲ್ಲಿ ಕೊನೆಗೆ ಪ್ಲೇಆಫ್‌ಗೆ ಹೋಗುವವರು ಹದಿನಾರು, ಮನೆಗೆ ಹೋಗುವವರು ಹದಿನಾರು. ಅರ್ಧವಾರ್ಷಿಕ ಪರಿಶೀಲನೆ ಬರೆಯುವವರಿಗೆ ಅದು ಸುಗ್ಗಿಕಾಲ. ನಾನೂ ಅಂಕಪಟ್ಟಿ ಹರಡಿಕೊಂಡು ಕೂತೆ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹೇಗೆ ಓದಿದರೂ ಸೋತ ತಂಡ ಮಾತ್ರ ಸಿಗಲಿಲ್ಲ. ‘ಮರುನಿರ್ಮಾಣದ ಹಂತದಲ್ಲಿರುವ’ ತಂಡಗಳಿವೆ. ‘ಇನ್ನೂ ರೇಸಿನಲ್ಲಿರುವ’ ತಂಡಗಳಿವೆ. ‘ಅದೃಷ್ಟ ಕೈಕೊಟ್ಟ’ ತಂಡಗಳಂತೂ ಬೇಕಾದಷ್ಟಿವೆ. ಸೋತೆವು ಅನ್ನುವವರು ಒಬ್ಬರೂ ಇಲ್ಲ.

ಕೋರ್ಟು ಮೆಟ್ಟಿಲು ಹತ್ತಿದವರ ಬಗ್ಗೆ ನಮ್ಮಲ್ಲೊಂದು ಗಾದೆಯಿದೆ: ಗೆದ್ದವನು ಸೋತ, ಸೋತವನು ಸತ್ತ. ಈ ಲೀಗ್ ಅದನ್ನು ಮಗುಚಿ ಹಾಕಿದೆ: ಗೆದ್ದವನು ಗೆದ್ದ, ಸೋತವನೂ ಅರ್ಧ ಗೆದ್ದ. ನಿಯಮ ಸರಳ. ಅರವತ್ತು ನಿಮಿಷದೊಳಗೆ ಗೆದ್ದರೆ ಎರಡು ಅಂಕ, ಸೋತರೆ ಸೊನ್ನೆ. ಸಮಬಲವಾಗಿ ಓವರ್‌ಟೈಮ್‌ಗೆ ಹೋದರೆ ಗೆದ್ದವರಿಗೆ ಎರಡು, ಸೋತವರಿಗೆ ಸಮಾಧಾನಕ್ಕೊಂದು. 1999-2000ರ ಸೀಸನ್ನಿನಲ್ಲಿ ಶುರುವಾದ ಈ ಔದಾರ್ಯ ಇನ್ನೂ ನಿಂತಿಲ್ಲ. ಎರಡು ಅಂಕದ ಪಂದ್ಯ ಸಮವಾದ ಕೂಡಲೇ ಮೂರು ಅಂಕದ್ದಾಗುತ್ತದೆ. ಹಣ ದುಪ್ಪಟ್ಟು ಮಾಡಿಕೊಡುತ್ತೇವೆಂದು ಊರೂರಿಗೆ ಬರುವ ಕಂಪನಿಗಳೂ ಇಷ್ಟು ಬೇಗ ಬಡ್ಡಿ ತೋರಿಸುವುದಿಲ್ಲ.

ಇದರ ಫಲ ಕಣ್ಣಾರೆ ಕಾಣಬೇಕಿದ್ದರೆ ಮೂರನೇ ಅವಧಿಯ ಕೊನೆಯ ಐದು ನಿಮಿಷ ನೋಡಬೇಕು. ಸ್ಕೋರು 2-2 ಎಂದಿಟ್ಟುಕೊಳ್ಳಿ. ಡಿಫೆನ್ಸ್‌ನವನು ತನ್ನದೇ ಗೋಲಿನ ಹಿಂದೆ ಪಕ್ ಎಂಬ ರಬ್ಬರ್ ಬಿಲ್ಲೆ ಇಟ್ಟುಕೊಂಡು ನಿಲ್ಲುತ್ತಾನೆ. ಎದುರಾಳಿಯೊಬ್ಬ ಮೇಲೆ ಬೀಳುವವನಂತೆ ನಾಲ್ಕು ಹೆಜ್ಜೆ ಜಾರಿ ಬಂದು, ಏನೋ ನೆನಪಾದವನಂತೆ ತಿರುಗಿ ಹೋಗುತ್ತಾನೆ. ಇವನು ಪಕ್ಕದವನಿಗೆ ಕೊಡುತ್ತಾನೆ, ಪಕ್ಕದವನು ಮತ್ತೆ ಇವನಿಗೇ ಕೊಡುತ್ತಾನೆ. ಕೊನೆಗೆ ಪಕ್ಕನ್ನು ನಡುಗೆರೆಯ ಆಚೆಗೆ ಎತ್ತಿ ಎಸೆದು ಬೆಂಚಿಗೆ ಬಂದು ಕೂರುತ್ತಾರೆ. ಸ್ವಲ್ಪ ಹೊತ್ತಿನ ಹಿಂದಷ್ಟೇ ಒಬ್ಬರನ್ನೊಬ್ಬರು ಗಾಜಿಗೆ ಒತ್ತಿ ಅರೆಯುತ್ತಿದ್ದವರು, ಕೈಗವಸು ಕಿತ್ತೆಸೆದು ಗುದ್ದಾಡಿದವರು, ಈಗ ಸಂಬಂಧ ಬೆಳೆಸಲು ಬಂದ ಬೀಗರಷ್ಟು ಸಭ್ಯರು. ಸೈರನ್ ಕೂಗಿದಾಗ ಇಬ್ಬರ ಖಾತೆಗೂ ಒಂದೊಂದು ಅಂಕ ಜಮೆ.

ಆಮೇಲಿನದು ಓವರ್‌ಟೈಮ್. ರೋಚಕವಾಗಿರಲಿ ಎಂದು 2015-16ರಲ್ಲಿ ಅದನ್ನು ಐದು ನಿಮಿಷದ ಮೂವರ ವಿರುದ್ಧ ಮೂವರ ಆಟವಾಗಿಸಿದರು. ರಿಂಕಿನ ತುಂಬ ಜಾಗ. ಮೊದಮೊದಲು ನಿಜಕ್ಕೂ ಬೆಂಕಿ ಹತ್ತಿತ್ತು. ಆಮೇಲೆ ಕೋಚ್‌ಗಳಿಗೆ ಬುದ್ಧಿ ಬಂತು. ಈಗ ಪಕ್ ಹಿಡಿದವನು ಎದುರಾಳಿಯ ವಲಯಕ್ಕೆ ನುಗ್ಗುತ್ತಾನೆ, ದಾರಿ ಸರಿಯಿಲ್ಲ ಅನಿಸಿದರೆ ನಡುಗೆರೆಗೆ ಮರಳುತ್ತಾನೆ, ಅಲ್ಲಿಂದ ತನ್ನ ಗೋಲ್‌ಕೀಪರ್ ಬಳಿಗೇ ಬಂದು ಪ್ರದಕ್ಷಿಣೆ ಹಾಕಿ ಮತ್ತೆ ಹೊರಡುತ್ತಾನೆ. ಮೂರು ಪ್ರದಕ್ಷಿಣೆಗೆ ಸಮಯ ತೀರುತ್ತದೆ. ಉಳಿದದ್ದನ್ನು ಶೂಟೌಟ್ ಎಂಬ ದೈವಸಂಕಲ್ಪ ನೋಡಿಕೊಳ್ಳುತ್ತದೆ.

ಲೆಕ್ಕವನ್ನೂ ನೋಡಿಬಿಡಿ. 41 ಪಂದ್ಯಗಳಲ್ಲಿ 18 ಗೆದ್ದು, 17 ಸೋತು, ಇನ್ನು ಆರನ್ನು ಓವರ್‌ಟೈಮಿನಲ್ಲಿ ಸೋತ ತಂಡದ ಅಂಕ 42. ಸಿಗಬಹುದಾಗಿದ್ದ 82ರಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು. ಅಂದರೆ 23 ಸಲ ಸೋತು, 18 ಸಲ ಗೆದ್ದ ತಂಡದ ಮ್ಯಾನೇಜರ್ ಮೈಕ್ ಮುಂದೆ ಕೂತು, ನಾವು ಗೆಲುವಿನ ದಾರಿಯಲ್ಲಿದ್ದೇವೆ ಎಂದು ಹೇಳಬಹುದು. ಅದು ಸುಳ್ಳೂ ಅಲ್ಲ. ಗಣಿತವೇ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ.

ಈ ಏರ್ಪಾಡಿನ ಸೊಬಗನ್ನು ಪೂರ್ತಿ ಸವಿಯಲು ಬಫಲೋಗೇ ಹೋಗಬೇಕು. ಅಲ್ಲಿನ ಸೇಬರ್ಸ್ 2024ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸತತ 13 ಪಂದ್ಯ ಸೋತರು. ಆ ಹದಿಮೂರು ಸೋಲುಗಳಿಂದ ಮೂರು ಅಂಕ ದುಡಿದರು. ನಡುವೆ ಮಾಲೀಕ ಟೆರ್‍ರಿ ಪೆಗುಲಾ ಮಾಂಟ್ರಿಯಲ್‌ಗೆ ಹಾರಿ ಹೋಗಿ ಆಟಗಾರರಿಗೆ ಧೈರ್ಯ ತುಂಬಿದರು. ಧೈರ್ಯ ತುಂಬಿಕೊಂಡ ತಂಡ ಮುಂದಿನ ಪಂದ್ಯವನ್ನು 6-1ರಿಂದ ಸೋತಿತು. ಬಫಲೋ ಪ್ಲೇಆಫ್ ಮುಖವನ್ನು ಅದಕ್ಕೆ ಮುಂಚೆ ಕೊನೆಯ ಸಲ ಕಂಡದ್ದು 2011ರಲ್ಲಿ; ಇಷ್ಟು ದೀರ್ಘ ವನವಾಸ ಲೀಗಿನ ಇತಿಹಾಸದಲ್ಲೇ ಇಲ್ಲ. 2011ರಲ್ಲಿ ಕೋಚ್ ಆಗಿದ್ದವರು ಲಿಂಡಿ ರಫ್. 2013ರಲ್ಲಿ ಅವರನ್ನು ಕಳಿಸಿದರು. ಹನ್ನೊಂದು ವರ್ಷ ಹುಡುಕಿ, ಹೊಸ ದಿಕ್ಕು ಬೇಕೆಂದು ತೀರ್ಮಾನಿಸಿ, 2024ರಲ್ಲಿ ಲಿಂಡಿ ರಫ್ ಅವರನ್ನೇ ಕರೆತಂದರು.

ಬಫಲೋದಿಂದ ಲೀಗಿನ ಸ್ಟ್ಯಾನ್ಲಿ ಕಪ್ ಗೆಲ್ಲುವವರು ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. ಇಲ್ಲಿಂದ ಹೋದ ರಯನ್ ಒ’ರೈಲಿ 2019ರಲ್ಲಿ ಸೇಂಟ್ ಲೂಯಿಸ್ ಪರ ಕಪ್ ಗೆದ್ದು ಪ್ಲೇಆಫ್‌ನ ಶ್ರೇಷ್ಠ ಆಟಗಾರನಾದ. ಜ್ಯಾಕ್ ಐಕೆಲ್ 2023ರಲ್ಲಿ ವೇಗಸ್ ಪರ ಗೆದ್ದ. ಸ್ಯಾಮ್ ರೈನ್‌ಹಾರ್ಟ್ 2024ರಲ್ಲಿ ಫ್ಲಾರಿಡಾ ಪರ ಫೈನಲ್ ಸರಣಿಯ ಏಳನೇ ಪಂದ್ಯದ ಗೆಲುವಿನ ಗೋಲನ್ನೇ ಹೊಡೆದ. ಬೆಳೆಯುವುದು ಇಲ್ಲಿ, ಫಸಲು ಮಾತ್ರ ಪರವೂರಿನ ಕಣದಲ್ಲಿ.

ಇಷ್ಟಾದರೂ ಯಾರನ್ನಾದರೂ ದಂಡಿಸಲೇಬೇಕಲ್ಲ? ಅದಕ್ಕೆ ಕೋಚ್ ಇದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೆ ಇಲ್ಲಿ ಆರ್ಥಿಕ ಶಾಸ್ತ್ರದ ಬೆಂಬಲವಿದೆ. ಒಂದು ತಂಡ 2024-25ರಲ್ಲಿ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾಗಿದ್ದ ಮಿತಿ 88 ಮಿಲಿಯನ್ ಡಾಲರ್. ಆಟಗಾರನ ಒಪ್ಪಂದ ಗಟ್ಟಿ. ದೊಡ್ಡ ಹೆಸರಿನವರು ‘ನನ್ನನ್ನು ಬೇರೆಡೆಗೆ ಕಳಿಸಕೂಡದು’ ಎಂಬ ಷರತ್ತನ್ನೂ ಬರೆಸಿಕೊಂಡಿರುತ್ತಾರೆ. ಕೋಚ್‌ನ ಸಂಬಳ ಆ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಇಪ್ಪತ್ತಮೂರು ಜನ ಕೆಟ್ಟದಾಗಿ ಆಡಿದರೆ ಇಪ್ಪತ್ತನಾಲ್ಕನೆಯವನು ಮನೆಗೆ ಹೋಗುತ್ತಾನೆ.

2024ರ ನವೆಂಬರ್ 19ರಂದು ಬಾಸ್ಟನ್ ತನ್ನ ಕೋಚ್ ಜಿಮ್ ಮಾಂಟ್‌ಗೊಮೆರಿಯನ್ನು ಕಿತ್ತುಹಾಕಿತು. 2022-23ರಲ್ಲಿ ಇದೇ ತಂಡಕ್ಕೆ 65 ಗೆಲುವು, 135 ಅಂಕಗಳ ಸಾರ್ವಕಾಲಿಕ ದಾಖಲೆ ತಂದುಕೊಟ್ಟವರು ಇವರೇ. ಅದೇ ವಾರದ ಭಾನುವಾರ, ನವೆಂಬರ್ 24ರಂದು, ಸೇಂಟ್ ಲೂಯಿಸ್ ತನ್ನ ಕೋಚ್ ಡ್ರೂ ಬ್ಯಾನಿಸ್ಟರ್ ಅವರನ್ನು ಕಿತ್ತು, ಮಾಂಟ್‌ಗೊಮೆರಿಗೆ ಐದು ವರ್ಷದ ಒಪ್ಪಂದ ಕೊಟ್ಟಿತು. ಮಂಗಳವಾರ ನಾಲಾಯಕ್, ಭಾನುವಾರ ಉದ್ಧಾರಕ. ಡಿಸೆಂಬರ್ 5ರಂದು ಶಿಕಾಗೋದ ಲ್ಯೂಕ್ ರಿಚರ್ಡ್‌ಸನ್ ಸರದಿ. ಡೆಟ್ರಾಯಿಟ್‌ನದು ಎಲ್ಲಕ್ಕಿಂತ ಸೊಗಸು. ಕ್ರಿಸ್‌ಮಸ್ ಸಮಯದಲ್ಲಿ ಆಟಗಾರರ ಮನೆಯಲ್ಲಿ ನೆಮ್ಮದಿಯಿರಲಿ ಎಂದು ಲೀಗ್ ಕೆಲವು ದಿನ ಯಾರನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ ಎಂದು ಕಟ್ಟಪ್ಪಣೆ ಮಾಡುತ್ತದೆ. ಕೋಚ್‌ಗೂ ಮನೆಯಿರುತ್ತದೆ ಎಂಬುದು ಆ ಅಪ್ಪಣೆಯಲ್ಲಿ ಇಲ್ಲ. ಡೆರೆಕ್ ಲಲೋಂಡ್ ಅವರನ್ನು ಡೆಟ್ರಾಯಿಟ್ ಕೆಲಸದಿಂದ ತೆಗೆದದ್ದು ಡಿಸೆಂಬರ್ 26ಕ್ಕೆ, ಹಬ್ಬದ ಮರುದಿನ. ಅವರನ್ನು ನೇಮಿಸಿದ್ದ ಜನರಲ್ ಮ್ಯಾನೇಜರ್ ಸ್ಟೀವ್ ಐಸರ್‌ಮನ್ 2019ರಿಂದ ಕುರ್ಚಿಯಲ್ಲಿದ್ದವರು. ತಂಡ 2016ರಿಂದ ಪ್ಲೇಆಫ್ ಕಂಡಿರಲಿಲ್ಲ. ಅಭಿಮಾನಿಗಳು ಪ್ರೀತಿಯಿಂದ ‘ಐಸರ್‌ಪ್ಲಾನ್’ ಎಂದು ಕರೆಯುವ ಯೋಜನೆ ಮಾತ್ರ ಜಾರಿಯಲ್ಲಿತ್ತು. ಹೊಸದಾಗಿ ಬಂದವರು ಟಾಡ್ ಮೆಕ್‌ಲೆಲನ್. ಅವರನ್ನು ಲಾಸ್ ಏಂಜಲೀಸ್ 2024ರ ಫೆಬ್ರವರಿಯಲ್ಲಷ್ಟೇ ಕಳಿಸಿತ್ತು.

ಹಣದಿಂದ ಎಲ್ಲವೂ ಆಗುತ್ತದೆ ಎನ್ನುವವರು ನ್ಯಾಶ್‌ವಿಲ್‌ಗೆ ಹೋಗಿ ಬರಲಿ. 2024ರ ಜುಲೈ 1ರಂದು ಒಂದೇ ದಿನ ಸ್ಟೀವನ್ ಸ್ಟ್ಯಾಮ್‌ಕೋಸ್, ಜೊನಾಥನ್ ಮಾರ್ಷಸೊ, ಬ್ರೇಡಿ ಶೇ ಎಂಬ ಮೂವರಿಗೆ ಸೇರಿ 108.5 ಮಿಲಿಯನ್ ಡಾಲರ್ ಒಪ್ಪಂದ. ಬೇಸಿಗೆಯ ಪರಿಶೀಲನೆಗಳಲ್ಲಿ ಇವರಿಗೆ ಚಿನ್ನದ ಪದಕ. ಸೀಸನ್ ಶುರುವಾಯಿತು, ಮೊದಲ ಐದೂ ಪಂದ್ಯ ಸೋತರು. ಜನವರಿಯ ಹೊತ್ತಿಗೆ ತಮ್ಮ ವಿಭಾಗದಲ್ಲಿ ಶಿಕಾಗೋ ಒಂದನ್ನು ಬಿಟ್ಟರೆ ಕೆಳಗೆ ಯಾರೂ ಇರಲಿಲ್ಲ. ನ್ಯೂಯಾರ್ಕ್ ರೇಂಜರ್ಸ್ 2023-24ರಲ್ಲಿ 114 ಅಂಕ ಗಳಿಸಿ ಇಡೀ ಲೀಗಿಗೆ ಮೊದಲಿಗರಾಗಿದ್ದರು. 2024ರ ಡಿಸೆಂಬರಿನಲ್ಲಿ ನಾಯಕ ಜೇಕಬ್ ಟ್ರೂಬಾನನ್ನೇ ಅನಹೈಮ್‌ಗೆ ಸಾಗಹಾಕಿದರು. ನಾಯಕ ಹೋದ ಮೇಲೂ ಸೋಲು ಹೋಗಲಿಲ್ಲ.

ಪಟ್ಟಿಯ ತಳದಲ್ಲಿರುವವರಿಗಾದರೂ ನಾಚಿಕೆಯಿದೆಯೇ ಎಂದರೆ, ಅಲ್ಲಂತೂ ಹಬ್ಬ. ಕೊನೆಯಲ್ಲಿದ್ದಷ್ಟೂ ಹೊಸ ಹುಡುಗರನ್ನು ಆರಿಸುವ ಲಾಟರಿಯಲ್ಲಿ ಅವಕಾಶ ಹೆಚ್ಚು. ಶಿಕಾಗೋಗೆ 2023ರಲ್ಲಿ ಕಾನರ್ ಬೆಡಾರ್ಡ್ ಸಿಕ್ಕ. 2023-24ರಲ್ಲಿ 47 ಅಂಕಗಳೊಂದಿಗೆ ಕಟ್ಟಕಡೆಗೆ ನಿಂತ ಸ್ಯಾನ್ ಹೊಸೆಗೆ ಮ್ಯಾಕ್ಲಿನ್ ಸೆಲೆಬ್ರಿನಿ ಸಿಕ್ಕ. ಇಬ್ಬರೂ ಅಪ್ಪಟ ಪ್ರತಿಭೆಗಳು. ಇಬ್ಬರ ತಂಡಗಳೂ 2025ರ ಜನವರಿಯಲ್ಲಿ ತಳದಲ್ಲಿ, ಮುಂದಿನ ಲಾಟರಿಯ ಸಾಲಿನಲ್ಲಿ, ತಾಳ್ಮೆಯಿಂದ ನಿಂತಿದ್ದವು.

ಇನ್ನು ನಮ್ಮಂಥ ಪರಿಶೀಲಕರ ವಿಷಯ. 2019ರ ಜನವರಿ 3ರ ಬೆಳಗ್ಗೆ ಆಗಿನ 31 ತಂಡಗಳಲ್ಲಿ ಕೊನೆಯ ಸ್ಥಾನದಲ್ಲಿದ್ದದ್ದು 34 ಅಂಕಗಳ ಸೇಂಟ್ ಲೂಯಿಸ್. ಆ ಸಲದ ಅರ್ಧವಾರ್ಷಿಕ ಬರಹಗಳಲ್ಲಿ ಅವರಿಗೆ ಸಿಕ್ಕಿದ್ದು ಶ್ರದ್ಧಾಂಜಲಿ. ಜೂನ್ 12ರಂದು ಬಾಸ್ಟನ್ನಿನಲ್ಲಿ 4-1ರಿಂದ ಏಳನೇ ಪಂದ್ಯ ಗೆದ್ದು ಸ್ಟ್ಯಾನ್ಲಿ ಕಪ್ ಎತ್ತಿದವರೂ ಅವರೇ. ಅದೇ ವರ್ಷ 62 ಪಂದ್ಯ ಗೆದ್ದು 128 ಅಂಕ ಬಾಚಿದ ಟ್ಯಾಂಪಾ ಬೇಯನ್ನು ಮೊದಲ ಸುತ್ತಿನಲ್ಲೇ ಕೊಲಂಬಸ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು ಮನೆಗೆ ಕಳಿಸಿತು. ಪ್ಲೇಆಫ್ ಮುಂಚಿನ ಪಂದ್ಯಗಳಲ್ಲಿ ಮೊದಲ ಸ್ಥಾನ ಪಡೆದ ತಂಡ ಅಲ್ಲಿಯವರೆಗೆ ಕೊನೆಯ ಸಲ ಕಪ್ ಗೆದ್ದದ್ದು 2013ರಲ್ಲಿ, ಶಿಕಾಗೋ. ಆಮೇಲೆ 2024ರವರೆಗೂ ಆ ಸ್ಥಾನ ಅಪಶಕುನದಂತೇ ಉಳಿದಿತ್ತು. ಇಷ್ಟು ಗೊತ್ತಿದ್ದೂ ನಾವು ಪ್ರತಿ ಜನವರಿಯಲ್ಲೂ ಕವಡೆ ಹಾಕುತ್ತೇವೆ.

ಆ ಸೇಂಟ್ ಲೂಯಿಸ್‌ಗೆ ನಡುವಿನಲ್ಲಿ ಬಂದು ಕಪ್ ತಂದುಕೊಟ್ಟ ಕೋಚ್ ಕ್ರೇಗ್ ಬೆರೂಬಿ. ಕೋಚ್ ಬದಲಿಸಿದರೆ ಭಾಗ್ಯ ಬದಲಾಗುತ್ತದೆ ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಆ ಉದಾಹರಣೆಯನ್ನೇ 2023ರ ಡಿಸೆಂಬರಿನಲ್ಲಿ ಸೇಂಟ್ ಲೂಯಿಸ್ ಕಿತ್ತುಹಾಕಿತು. 2025ರ ಜನವರಿಯಲ್ಲಿ ಅವರು ಟೊರಾಂಟೊದಲ್ಲಿದ್ದರು. ಅಲ್ಲಿನ ಮೇಪಲ್ ಲೀಫ್ಸ್ ತಮ್ಮ ವಿಭಾಗದ ಮುಂಚೂಣಿಯಲ್ಲಿದ್ದರು, ಊರು ಪುಳಕಗೊಂಡಿತ್ತು. ಊರಿಗೆ ಜನವರಿಯಲ್ಲಿ ಪುಳಕವಾಗುವುದು ವಾಡಿಕೆ. ಕಪ್ ಕಂಡದ್ದು 1967ರಲ್ಲಿ. 2004ರಿಂದ ಆ ಜನವರಿಯವರೆಗೆ ಗೆದ್ದ ಪ್ಲೇಆಫ್ ಸರಣಿ ಒಂದೇ ಒಂದು. 2013, 2018, 2019, 2024, ನಾಲ್ಕೂ ಸಲ ಏಳನೇ ಪಂದ್ಯದಲ್ಲಿ ಬಾಸ್ಟನ್ ಕೈಯಲ್ಲೇ ಸೋಲು. ಟೊರಾಂಟೊ ತಂಡಕ್ಕೆ ಸೀಸನ್ ಎಷ್ಟು ಚಂದ ಗೊತ್ತೇ? ಏಪ್ರಿಲ್ ಒಂದಿಲ್ಲದಿದ್ದರೆ ಸಾಕು.

ಮೇಲ್ತುದಿಯಲ್ಲಿ ವಿನಿಪೆಗ್ ಇತ್ತು. ಮೊದಲ 16 ಪಂದ್ಯಗಳಲ್ಲಿ 15 ಗೆಲುವು. ಲೀಗಿನ ಇತಿಹಾಸದಲ್ಲಿ ಅದಕ್ಕೆ ಮುಂಚೆ ಹಾಗೆ ಶುರು ಮಾಡಿದವರು ಯಾರೂ ಇರಲಿಲ್ಲ. ಗೋಲಿನಲ್ಲಿ ಕಾನರ್ ಹೆಲ್ಲೆಬಕ್ ಗೋಡೆಯಾಗಿ ನಿಂತಿದ್ದ. ಆದರೆ ಇದೇ ಊರಿನಲ್ಲಿ ಸೀಸನ್ ಟಿಕೆಟ್ ಕೊಳ್ಳುವವರು ಸುಮಾರು 13,000ದಿಂದ 9,500ಕ್ಕೆ ಇಳಿದಿದ್ದಾರೆಂದು 2024ರಲ್ಲಿ ಮಾಲೀಕರು ಬಹಿರಂಗವಾಗಿಯೇ ಕಳವಳಪಟ್ಟರು. ಮಾಲೀಕರು ಕಳವಳಪಟ್ಟರೆ ವಿನಿಪೆಗ್ ಜನರಿಗೆ ಎದೆ ನಡುಗುತ್ತದೆ. ಅವರ ಮೊದಲಿನ ತಂಡ 1996ರಲ್ಲಿ ಗಂಟುಮೂಟೆ ಕಟ್ಟಿ ಫೀನಿಕ್ಸ್ ಮರುಭೂಮಿಗೆ ಹೋಯಿತು. ಕೊನೆಗೆ ವಿಶ್ವವಿದ್ಯಾಲಯವೊಂದರ ಸುಮಾರು 4,600 ಸೀಟಿನ ರಿಂಕಿನಲ್ಲಿ ಒಕ್ಕಲಿದ್ದು, 2024ರಲ್ಲಿ ಯೂಟಾ ಸೇರಿತು. ಈಗಿನ ತಂಡವೂ 2011ರಲ್ಲಿ ಅಟ್ಲಾಂಟಾದಿಂದ ಎದ್ದು ಬಂದದ್ದೇ. ಇಲ್ಲಿ ಅಭಿಮಾನಿ ಊರು ಬಿಡುವುದಿಲ್ಲ, ತಂಡ ಬಿಡುತ್ತದೆ.

ಯೂಟಾ ತಂಡಕ್ಕೆ ಆಗಿನ್ನೂ ಹೆಸರಿಟ್ಟಿರಲಿಲ್ಲ. ಆ ಸೀಸನ್ನಿಗೆ ‘ಯೂಟಾ ಹಾಕಿ ಕ್ಲಬ್’. ಅವರ ಡೆಲ್ಟಾ ಸೆಂಟರ್ ಬಾಸ್ಕೆಟ್‌ಬಾಲ್‌ಗೆಂದು ಕಟ್ಟಿದ್ದು. ರಿಂಕು ಉದ್ದವಾಯಿತು, ಸಾವಿರಾರು ಸೀಟುಗಳಿಂದ ಒಂದು ಬದಿಯ ಗೋಲು ಕಾಣುತ್ತಲೇ ಇರಲಿಲ್ಲ. ಹಾಗಂತ ಸೀಟು ಖಾಲಿ ಬಿಡಲಾದೀತೇ? ‘ಒಂದೇ ಗೋಲಿನ ನೋಟ’ ಎಂದು ನಾಮಕರಣ ಮಾಡಿ ಅಗ್ಗದ ದರಕ್ಕೆ ಮಾರಿದರು. ತಂಡಕ್ಕೆ ಸಿಗದ ಹೆಸರು ಸೀಟಿಗೆ ಎಷ್ಟು ಬೇಗ ಸಿಕ್ಕಿತು ನೋಡಿ. ಜನ ಕೊಂಡು ಕೂತು, ಕಾಣದ ಗೋಲಿಗೂ ಗಂಟಲು ಹರಿದುಕೊಂಡು ಕೂಗುತ್ತಿದ್ದರು.

ಹೀಗಾಗಿ ಆ ಅರ್ಧವಾರ್ಷಿಕದಲ್ಲಿ ಎಲ್ಲ 32 ತಂಡಗಳೂ ಪಾಸು. ತಂಡಕ್ಕೆ ಸೋತರೂ ಅಂಕ, ತಳಕ್ಕೆ ಬಿದ್ದರೆ ಲಾಟರಿ, ಆಟಗಾರನಿಗೆ ಒಪ್ಪಂದ, ಕೋಚ್‌ಗೆ ಮುಂದಿನ ಊರು. ಸೊನ್ನೆ ಬಂದಿರುವುದು ಟಿಕೆಟ್ ಕೊಂಡವನಿಗೊಬ್ಬನಿಗೇ. ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ 1993ರಿಂದ ಗಾದಿಯಲ್ಲಿದ್ದಾರೆ. ನಿಯಮ ಬದಲಿಸುವುದು ಅವರಿಗೆ ಹೊಸದಲ್ಲ. ಇನ್ನೊಂದು ಸೇರಿಸಲಿ: ಓವರ್‌ಟೈಮಿನಲ್ಲಿ ಸೋತ ತಂಡಕ್ಕೆ ಅರ್ಧ ಗೆಲುವು ಸಿಗುವಂತೆ, ಆ ರಾತ್ರಿ ಊರಿನ ಪ್ರೇಕ್ಷಕನಿಗೆ ಟಿಕೆಟ್ಟಿನ ಅರ್ಧ ಹಣ ವಾಪಸ್. ಆಮೇಲೆ ನೋಡಿ, ಐದು ನಿಮಿಷ ಉಳಿದು ಸ್ಕೋರು ಸಮವಾಗಿರುವಾಗ ಮಾಲೀಕನೇ ಕೋಟು ಬಿಚ್ಚಿಟ್ಟು, ಸ್ಕೇಟ್ ಕಟ್ಟಿಕೊಂಡು ರಿಂಕಿಗಿಳಿದು ಪಕ್ ಮುಂದಕ್ಕೆ ತಳ್ಳುತ್ತಾನೆ.