‘…ಎಂದರೆ ಸರಿಯಲ್ಲ’: ಹೊಸ ಫೌಜದಾರರಿಗೊಂದು ಕೈಪಿಡಿ

ಮೊದಲು ಕೆರೂರಿನ ಬಸ್ ನಿಲ್ದಾಣದ ಹತ್ತಿರ ಕುಳಿತು ಒಂದು ಪ್ಲೇಟು ಮಿರ್ಚಿ, ಮೇಲೆ ಅರ್ಧ ಕಪ್ ಚಹಾ ಮುಗಿಸಿ. ರೊಕ್ಕ ಕೊಡಲು ಹೋಗಬೇಡಿ. ಅಂಗಡಿಯವ ಕೇಳುವುದಿಲ್ಲ. ಇದು ನಿಮ್ಮ ಮೊದಲ ಪಾಠ: ಕೇಳುವವರಿಲ್ಲದ ಕಡೆ ಲೆಕ್ಕ ಕೊಡಬಾರದು. ಈ ಕೈಪಿಡಿಯಲ್ಲಿ ಮುಂದೆ ಬರುವುದೆಲ್ಲ ಇದೇ ಪಾಠದ ವಿಸ್ತಾರ.

ಹೇಳಲು ನೀನ್ಯಾರು ಎಂದು ಕೇಳಬಹುದು. ನಾನು ಖಾಕಿ ತೊಟ್ಟವನಲ್ಲ. ಕೋರ್ಟಿನ ಕಟ್ಟೆಯ ಮೇಲೆ ಕುಳಿತು ಅರ್ಜಿ, ಜಾಮೀನು ಕಾಗದ ಬರೆದು ಹೊಟ್ಟೆ ಹೊರೆದವನು. ನಿಮ್ಮಂಥ ಎಷ್ಟೋ ಫೌಜದಾರರು ಕಟಕಟೆ ಹತ್ತಿ ಇಳಿದದ್ದನ್ನು ಕಂಡಿದ್ದೇನೆ. ಹತ್ತುವಾಗ ಬೆವರುತ್ತಿದ್ದವರು ಇಳಿಯುವಾಗ ಮೀಸೆ ತಿರುವುತ್ತಿದ್ದರು. ನಡುವೆ ಏನು ನಡೆಯಿತು ಎಂಬುದೇ ವಿದ್ಯೆ.

ನೀವು ಪರೀಕ್ಷೆಯನ್ನು ನಿಮ್ಮ ಕೈಯಾರೆ ಬರೆದೇ ಬಂದಿದ್ದೀರಿ ಎಂದು ನಂಬುತ್ತೇನೆ. 545 ಪಿಎಸ್‌ಐ, ಅಂದರೆ ಫೌಜದಾರ, ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯಲ್ಲಿ ಕೆಲವರು ಬ್ಲೂಟೂತ್ ಬಳಸಿದರು, ಕೆಲವರ ಒಎಂಆರ್ ಹಾಳೆಗಳನ್ನು ಬೇರೆಯವರು ತುಂಬಿದರು. ಕೊನೆಗೆ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಸಿಐಡಿ 2022ರ ಜುಲೈನಲ್ಲಿ ಬಂಧಿಸಿತು. ಅದು ಅವಸರದವರ ದಾರಿ. ಸುಳ್ಳನ್ನು ಕೆಲಸಕ್ಕೆ ಸೇರಿದ ಮೇಲೆ ಬಳಸಿ. ಆಗ ಅದಕ್ಕೆ ಸಂಬಳವೂ ಉಂಟು, ಪಿಂಚಣಿಯೂ ಉಂಟು.

ಈಗ ಠಾಣೆಗೆ ಬನ್ನಿ. ದೂರು ಕೊಡಲು ಯಾರಾದರೂ ಬಂದರೆ ಕುರ್ಚಿ ತೋರಿಸಬೇಡಿ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿಬಿಟ್ಟಿದೆ. ‘ಇದು ನಮ್ಮ ಹದ್ದಿನಾಗ ಬರೂದಿಲ್ಲ, ಬಾದಾಮಿಗೆ ಹೋಗ್ರಿ’ ಎಂಬ ಹಳೆಯ ಮಂತ್ರವೂ ಈಗ ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ಅಪರಾಧ ಎಲ್ಲಿಯೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು ಎನ್ನುತ್ತದೆ. ಆದ್ದರಿಂದ ಇಲ್ಲ ಎನ್ನಬೇಡಿ. ‘ಸಾಹೇಬ್ರು ಬಂದೋಬಸ್ತಿಗೆ ಹೋಗ್ಯಾರ, ನಾಳೆ ಬರ್ರಿ’ ಎನ್ನಿಸಿ. ನಾಳೆಗೆ ಕಾನೂನಿನಲ್ಲಿ ಕಲಂ ಇಲ್ಲ. ನಮ್ಮ ಭಾಗದಲ್ಲಂತೂ ದೇವಿಯ ಕೃಪೆಯಿಂದ ಬನಶಂಕರಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ದೂರುದಾರ ಹಿಂಬರಹ ಕೇಳಿದರೆ ನೀರು ಕೊಡಿ. ಕಾಗದ ಮಾತ್ರ ಕೊಡಬೇಡಿ.

ಹೇಳಿಕೆ ಬರೆದುಕೊಳ್ಳುವುದಕ್ಕೆ ಬೇರೆ ಜಾಣ್ಮೆ ಬೇಕು. ಇಲ್ಲಿ ನಿಧಾನಿಸಿ. ಕೆರೂರಿನ ಕುರಿಗಾರ ನಿಮ್ಮ ಮುಂದೆ ನಿಂತು ‘ನಾ ಏನೂ ಮಾಡಿಲ್ರೀ ಯಪ್ಪಾ, ಕುರಿ ಹೊಡಕೊಂಡ ಹೊಂಟಿದ್ದೆ’ ಎನ್ನುತ್ತಾನೆ. ನೀವು ಬರೆಯಿರಿ: ‘ಸದರಿ ದಿನ ಸದರಿ ವೇಳೆಗೆ ನಾನು ಸದರಿ ಸ್ಥಳದಲ್ಲಿ ಹಾಜರಿದ್ದು, ಸದರಿ ಕೃತ್ಯವನ್ನು ಎಸಗಿದ್ದು ನಿಜವಿರುತ್ತದೆ.’ ಇಳಕಲ್ಲಿನ ನೇಕಾರ, ಹುನಗುಂದದ ಹಮಾಲ, ಗುಳೇದಗುಡ್ಡದ ಖಣದ ವ್ಯಾಪಾರಿ, ತಾಂಡಾದ ಮುದುಕಿ, ಎಲ್ಲರೂ ಠಾಣೆಯ ಹೊಸ್ತಿಲು ದಾಟಿದೊಡನೆ ಒಂದೇ ಕನ್ನಡ ಮಾತನಾಡುವುದು ನನಗೆ ಯಾವಾಗಲೂ ಸೋಜಿಗ. ಕನ್ನಡ ಏಕೀಕರಣ 1956ರಲ್ಲಿ ಆಯಿತು ಎನ್ನುತ್ತಾರೆ. ಪೂರ್ತಿಯಾಗಿ ಆದದ್ದು ಪೊಲೀಸ್ ಹೇಳಿಕೆಯಲ್ಲಿ ಮಾತ್ರ.

ಅಲ್ಲೊಂದು ತೊಡಕಿದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಬ್ರಿಟಿಷರು 1872ರ ಸಾಕ್ಷ್ಯ ಕಾಯಿದೆಯಲ್ಲಿ ಹಾಗೆ ಬರೆದರು. ಅವರಿಗೆ ತಾವೇ ಸಾಕಿದ ಪೊಲೀಸರ ಪರಿಚಯ ಚೆನ್ನಾಗಿತ್ತು. ಹೊಸ ಸಾಕ್ಷ್ಯ ಅಧಿನಿಯಮವೂ 23ನೇ ಕಲಮಿನಲ್ಲಿ ಅದನ್ನೇ ಉಳಿಸಿಕೊಂಡಿದೆ. ಆದರೆ ಎಲ್ಲ ಬಾಗಿಲು ಮುಚ್ಚಿದ ಮನೆಗೂ ಒಂದು ಗವಾಕ್ಷಿ ಇರುತ್ತದೆ. ಆರೋಪಿಯ ಮಾತಿನಿಂದ ಏನಾದರೂ ವಸ್ತು ಪತ್ತೆಯಾದರೆ ಅಷ್ಟು ಮಾತು ಸಾಕ್ಷ್ಯವಾಗುತ್ತದೆ. ಹಳಬರು ಇದನ್ನು, ಹಳೆಯ ಕಾಯಿದೆಯ ಕಲಂ ಸಂಖ್ಯೆ ಹಿಡಿದು, ಇಂದಿಗೂ ‘ಇಪ್ಪತ್ತೇಳು’ ಎಂದೇ ಕರೆಯುತ್ತಾರೆ. ಅದಕ್ಕಾಗಿ ಹೇಳಿಕೆಯ ಕೊನೆಗೆ ಈ ವಾಕ್ಯ ಸೇರಿಸಿ: ‘ನನ್ನ ಸಂಗಡ ಬಂದಲ್ಲಿ ಕುಡಗೋಲನ್ನು ಇಟ್ಟ ಜಾಗ ತೋರಿಸಿ ಹಾಜರುಪಡಿಸುತ್ತೇನೆ.’ ಕುಡಗೋಲು ಎಲ್ಲಿಂದ ಎಂದು ಕೇಳಬೇಡಿ. ರೈತರ ಸೀಮೆಯಲ್ಲಿ ಕುಡಗೋಲಿಗೆ ಬರವೆ?

ವಸ್ತು ಸಿಕ್ಕಿತು, ಪಂಚನಾಮೆ ಬೇಕು. ಪಂಚರನ್ನು ಹುಡುಕಿಕೊಂಡು ಅಲೆಯಬೇಡಿ. ಯಾವ ಊರಿನ ಠಾಣೆಯ ಎದುರಿಗೂ ಒಂದು ಪಾನಪಟ್ಟಿ ಅಂಗಡಿ, ಒಂದು ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಆ ಅಂಗಡಿಯವರೇ ನಿಮ್ಮ ಪಂಚರು. ಅವರಿಬ್ಬರೂ ಒಂದೇ ದಿನ ಎರಡು ಊರಿನಲ್ಲಿ ಎರಡು ಜಪ್ತಿ ನೋಡಿರದಂತೆ ದಿನಾಂಕ ಮಾತ್ರ ನೋಡಿಕೊಳ್ಳಿ. ನಾಳೆ ಪಂಚ ಕೋರ್ಟಿನಲ್ಲಿ ನಿಂತು ‘ಠಾಣೆಯೊಳಗ ಸಹಿ ಮಾಡಂದ್ರು, ಮಾಡೀನಿ. ಓದಿಲ್ರೀ’ ಎಂದರೆ ಗಾಬರಿಯಾಗಬೇಡಿ. ನಿಜ ಹೇಳಿಬಿಟ್ಟ ಸಾಕ್ಷಿಗೆ ಕೋರ್ಟಿನ ಭಾಷೆಯಲ್ಲಿ ‘ಪ್ರತಿಕೂಲ ಸಾಕ್ಷಿ’ ಎಂದು ಹೆಸರು. ಅವನ ಹೆಸರು ಕೆಡುತ್ತದೆ, ನಿಮ್ಮದಲ್ಲ.

ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧನೆ, ಜಪ್ತಿ ಎರಡನ್ನೂ ವಿಡಿಯೋ ಮಾಡಬೇಕು ಎನ್ನುತ್ತದೆ. ಮಾಡಿ. ಮೊದಲು ವಸ್ತು ಇಡಿ, ಆಮೇಲೆ ರೆಕಾರ್ಡ್ ಗುಂಡಿ ಒತ್ತಿ. ಕಾನೂನು ಹುಡುಕುವುದನ್ನು ಚಿತ್ರಿಸಲು ಹೇಳಿದೆ, ಇಡುವುದನ್ನಲ್ಲ.

ಇಷ್ಟು ಪೀಠಿಕೆಯಾದ ಮೇಲೆ ಮಾದರಿ ಪ್ರಕರಣವೊಂದನ್ನು ಅಭ್ಯಾಸ ಮಾಡಿ. ನಮ್ಮ ಬಾಗಲಕೋಟೆ ಜಿಲ್ಲೆಯದಲ್ಲ, ಮೈಸೂರು, ಕೊಡಗಿನ ಗಡಿಯದು. ಒಳ್ಳೆಯ ಪಾಠ ಎಲ್ಲಿಯದಾದರೇನು? ಕುಶಾಲನಗರದ ಹತ್ತಿರ ಬಸವನಹಳ್ಳಿಯಲ್ಲೊಬ್ಬ ಆದಿವಾಸಿ ಕೂಲಿಯವ. ಹೆಂಡತಿ ಕಾಣೆಯಾದಳೆಂದು ಅವನೇ ಪೊಲೀಸರ ಹತ್ತಿರ ಹೋಗಿ ದೂರು ಕೊಟ್ಟ. ಕೆಲವು ತಿಂಗಳು ಕಳೆದು, 2021ರಲ್ಲಿ, ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರ ಠಾಣೆಯ ಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಒಂದು ಕಡೆ ಹೆಂಡತಿ ಇಲ್ಲದ ಗಂಡ, ಇನ್ನೊಂದು ಕಡೆ ಹೆಸರಿಲ್ಲದ ಎಲುಬು. ಎರಡು ಬಾಕಿ ಕಡತ. ಜಾಣ ಅಧಿಕಾರಿ ಏನು ಮಾಡುತ್ತಾನೆ? ದಾರ ಪೋಣಿಸುತ್ತಾನೆ. ದೂರು ಕೊಟ್ಟವನೇ ಕೊಲೆ ಆರೋಪಿಯಾದ.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮಗಳಿವೆ. ಒಂದು, ಆರೋಪಿಯನ್ನು ಆರಿಸುವಾಗ ವಕೀಲರ ಪರಿಚಯ ಇಲ್ಲದವನನ್ನು ಆರಿಸಿ. ಎಮ್ಮೆಲ್ಲೆಗೆ ಫೋನು ಮಾಡಬಲ್ಲವನಿಗೆ ಈ ವಿಧಾನ ಒಗ್ಗುವುದಿಲ್ಲ. ಇನ್ನೊಂದು, ಹೆಂಡತಿಯ ತಾಯಿಯ ರಕ್ತ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿ, ಆದರೆ ವರದಿ ಬರುವ ತನಕ ಕೈಕಟ್ಟಿ ಕೂರಬೇಡಿ. ವಿಜ್ಞಾನ ನಿಧಾನ, ದೋಷಾರೋಪ ಪಟ್ಟಿಗೆ ಗಡುವಿದೆ. ಆಮೇಲೆ ಬಂದ ವರದಿ, ಎಲುಬಿಗೂ ತಾಯಿಗೂ ಸಂಬಂಧವಿಲ್ಲ ಎಂದಿತು. ಆಗಲೂ ಪ್ರಕರಣ ನಿಲ್ಲಲಿಲ್ಲ ನೋಡಿ! ಎತ್ತಿನ ಬಂಡಿ ಇಳಿಜಾರಿಗೆ ಬಿದ್ದ ಮೇಲೆ ಎತ್ತು ಬೇಕಾಗುವುದಿಲ್ಲ. ಒಂದೂವರೆ ವರ್ಷಕ್ಕೂ ಮಿಕ್ಕಿ ಅವನು ಜೈಲಿನಲ್ಲಿದ್ದ.

ಆ ಅಧಿಕಾರಿಗಳು ಎಡವಿದ್ದು ಒಂದೇ ಕಡೆ. ಸತ್ತವರು ಊಟಕ್ಕೆ ಹೋಗುವುದನ್ನು ತಡೆಯಲಿಲ್ಲ. 2025ರ ಏಪ್ರಿಲ್ 1ರಂದು ಆ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಇನ್ನೊಬ್ಬನೊಡನೆ ಕಾಣಿಸಿಕೊಂಡಳು. ಗಂಡನ ಗೆಳೆಯರು ನೋಡಿಬಿಟ್ಟರು. ಅವಳನ್ನು ಮೈಸೂರಿನ ನ್ಯಾಯಾಲಯಕ್ಕೆ ತಂದು ನಿಲ್ಲಿಸಿದರು. ತನ್ನದೇ ಕೊಲೆ ಪ್ರಕರಣಕ್ಕೆ ಹಾಜರಾದ ಮೃತಳನ್ನು ಕಂಡ ನ್ಯಾಯಾಲಯ ಆ ತಿಂಗಳೇ ಗಂಡನನ್ನು ಖುಲಾಸೆ ಮಾಡಿ, ಗೃಹ ಇಲಾಖೆ ಅವನಿಗೆ 1 ಲಕ್ಷ ರೂಪಾಯಿ ಕೊಡಬೇಕು, ತನಿಖಾಧಿಕಾರಿಯ ಮೇಲೆ ಕ್ರಮ ಆಗಬೇಕು ಎಂದಿತು. ಲೆಕ್ಕ ಹಾಕಿ: ಜೈಲಿನ ಒಂದು ದಿನಕ್ಕೆ 200 ರೂಪಾಯಿಯೂ ಬೀಳುವುದಿಲ್ಲ. ಆ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಕೆರೆಯ ಹೂಳೆತ್ತಿದ್ದರೆ ಹೆಚ್ಚು ಸಿಗುತ್ತಿತ್ತು. ಸರ್ಕಾರದ ದೃಷ್ಟಿಯಿಂದ ಇಷ್ಟು ಅಗ್ಗದ ತನಿಖೆ ಬೇರೆ ಇಲ್ಲ.

ಸಿಸಿಟಿವಿ ಬಗ್ಗೆ ಎರಡೇ ಮಾತು. ಪ್ರತಿ ಠಾಣೆಯಲ್ಲೂ ಲಾಕಪ್ಪು, ಪಡಸಾಲೆ, ಬಾಗಿಲು ಎಲ್ಲ ಕಾಣುವಂತೆ ಕ್ಯಾಮೆರಾ ಇರಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ಗೋಡೆಗೆ ಕ್ಯಾಮೆರಾ ಹಾಕಿ, ಪೂಜೆ ಮಾಡಿ. ದೃಶ್ಯ ಕೇಳಿ ಅರ್ಜಿ ಬಂದರೆ, ಬಾದಾಮಿಯ ಮಂಗ್ಯಾಗಳು ವೈರು ಹರಿದವು ಎಂದು ಬರೆಯಿರಿ. ಗುಹೆ ನೋಡಲು ಬಂದವರ ಕೈಯ ಬಾಳೆಹಣ್ಣನ್ನೇ ಬಿಡದ ಮಂಗಗಳು ನಿಮ್ಮ ವೈರು ಬಿಟ್ಟಾವೆ? ಯಾವ ವಕೀಲನೂ ಮಂಗನಿಗೆ ಸಮನ್ಸ್ ಕಳಿಸಲಾರ.

ಇನ್ನು ಕಟಕಟೆ. ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿ. ಸರ್ಕಾರಿ ವಕೀಲರು ಕೇಳುವ ಪ್ರಶ್ನೆಗೆ ಕಡತ ನೋಡದೆ ತಾರೀಖು, ಗಂಟೆ, ನಿಮಿಷ ಹೇಳಿ. ಆರೋಪಿಯ ವಕೀಲರ ಪಾಟಿ ಸವಾಲು ಶುರುವಾದ ಕೂಡಲೇ ನೆನಪಿನ ಶಕ್ತಿ ಕಳೆದುಕೊಳ್ಳಿ. ಯಾವ ಜೀಪಿನಲ್ಲಿ ಹೋದಿರಿ? ನೆನಪಿಲ್ಲ. ದಿನಚರಿಯಲ್ಲಿ ಬರೆದಿದ್ದೀರಾ? ನೋಡಿ ಹೇಳಬೇಕು. ಪಂಚರನ್ನು ಯಾರು ಕರೆತಂದರು? ಸಿಬ್ಬಂದಿ. ಯಾವ ಸಿಬ್ಬಂದಿ? ವರ್ಗವಾಗಿ ಹೋಗಿದ್ದಾರೆ. ಇಷ್ಟಾದ ಮೇಲೆ ವಕೀಲರು ಸುಸ್ತಾಗಿ ‘ನೀವು ಹೀಗೆ ಮಾಡಿದ್ದೀರಿ’ ಎಂಬ ಕೊನೆಯ ಸಲಹೆಗಳನ್ನು ಎಸೆಯುತ್ತಾರೆ. ಆಗ ಬಾಯಿಪಾಠ ಒಪ್ಪಿಸಿ. ಪಂಚನಾಮೆಯನ್ನು ಠಾಣೆಯಲ್ಲೇ ಕುಳಿತು ತಯಾರಿಸಿದ್ದೇನೆ ಎಂದರೆ ಸರಿಯಲ್ಲ. ಆರೋಪಿಯನ್ನು ಮೂರು ದಿನ ಮೊದಲೇ ಹಿಡಿದು ತಂದು, ಕೋರ್ಟಿಗೆ ಹಾಜರುಪಡಿಸಬೇಕಾದ ಇಪ್ಪತ್ನಾಲ್ಕು ಗಂಟೆಯ ಲೆಕ್ಕಕ್ಕಾಗಿ ನಿನ್ನೆ ಹಿಡಿದೆ ಎಂದು ಬರೆದಿದ್ದೇನೆ ಎಂದರೆ ಸರಿಯಲ್ಲ. ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ಗೋಪಿಚಂದನವಿಟ್ಟ ಪುರೋಹಿತನೂ ಇಷ್ಟು ಸ್ಪಷ್ಟವಾಗಿ ಮಂತ್ರ ಹೇಳುವುದನ್ನು ನಾನು ಕೇಳಿಲ್ಲ.

ಸಿಕ್ಕಿಬಿದ್ದರೆ? ಭಯಬಿಡಿ. ಸುಳ್ಳು ಸಾಕ್ಷಿಗೆ ಏಳು ವರ್ಷದವರೆಗೆ ಜೈಲು ಎಂದು ನ್ಯಾಯ ಸಂಹಿತೆಯ 229ನೇ ಕಲಂ ಹೇಳುತ್ತದೆ. ಗಲ್ಲು ಶಿಕ್ಷೆಯ ಅಪರಾಧದಲ್ಲಿ ಒಬ್ಬನನ್ನು ಸಿಕ್ಕಿಸಲೆಂದೇ ಸುಳ್ಳು ಹೇಳಿದರೆ ಜೀವಾವಧಿಯವರೆಗೆ ಎಂದು ಅದರ ಮುಂದಿನ ಕಲಂ. ಓದಲು ಭಯಂಕರ. ಆದರೆ ಕೋರ್ಟಿನಲ್ಲಿ ನುಡಿದ ಸುಳ್ಳಿನ ಮೇಲೆ ನೊಂದವನು ನೇರ ಕೇಸು ಹಾಕುವಂತಿಲ್ಲ. ನ್ಯಾಯಾಲಯಕ್ಕೇ ಅನಿಸಬೇಕು, ನ್ಯಾಯಾಲಯವೇ ದೂರು ಕೊಡಬೇಕು. ಮೇಜಿನ ಮೇಲೆ ಕಡತಗಳ ಗುಡ್ಡ ಇಟ್ಟುಕೊಂಡವರಿಗೆ ಇನ್ನೊಂದು ಕಡತ ತಾವೇ ಹುಟ್ಟಿಸಲು ಎಲ್ಲಿ ಮನಸ್ಸು ಬರುತ್ತದೆ?

ಉಳಿದ ದೌರ್ಜನ್ಯಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯಿದೆಯ 170ನೇ ಕಲಂ ನಿಮ್ಮ ಕೊಡೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ನಡೆಯುವುದಿಲ್ಲ. ಕರ್ತವ್ಯದ ಮಿತಿ ಮೀರಿದ್ದರೂ, ಕೃತ್ಯಕ್ಕೂ ಕರ್ತವ್ಯಕ್ಕೂ ತಕ್ಕ ಸಂಬಂಧವಿದ್ದರೆ ಕೊಡೆ ಬಿಚ್ಚಿಕೊಳ್ಳುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ, ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಹೇಳಿದೆ. ದೂರುದಾರ ಹಟಮಾರಿಯಾದರೆ ಕೈಮಾಡಿ ಕರ್ತವ್ಯಕ್ಕೆ ಅಡ್ಡಿಪಡಿಸಿದ ಎಂದು ನ್ಯಾಯ ಸಂಹಿತೆಯ 132ನೇ ಕಲಮಿನಡಿ ನೀವೇ ಒಂದು ಜಡಿಯಿರಿ. ಅವನು ತನ್ನ ಜಾಮೀನಿಗೆ ಓಡಾಡುವಾಗ ನಿಮ್ಮ ಮೇಲಿನ ದೂರಿನ ದಾರಿ ಮರೆಯುತ್ತಾನೆ. ಅಮಾನತಾದರೆ ಮನೆಯಲ್ಲಿ ಕುಳಿತು ಜೀವನಾಧಾರ ಭತ್ಯೆ ಉಣ್ಣಿ. ಇಲಾಖಾ ವಿಚಾರಣೆ ಮಾಡುವವರು ನಿಮ್ಮ ಇಲಾಖೆಯವರೇ. ಅವರೂ ಹಿಂದೊಮ್ಮೆ ಫೌಜದಾರರಾಗಿದ್ದವರು.

ಒಂದು ಹೆಸರನ್ನು ಮಾತ್ರ ಅಪ್ಪಿತಪ್ಪಿಯೂ ದೂರುದಾರನ ಮುಂದೆ ಆಡಬೇಡಿ: ಪೊಲೀಸ್ ದೂರು ಪ್ರಾಧಿಕಾರ. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು, ರಾಜ್ಯಕ್ಕೊಂದು, ಜಿಲ್ಲೆಗೊಂದು ಇಂಥ ಪ್ರಾಧಿಕಾರ ಇರಲಿ ಎಂದಿತು. ಕರ್ನಾಟಕ ತನ್ನ ಕಾಯಿದೆ ತಿದ್ದಿದ್ದು 2012ರಲ್ಲಿ. ರಾಜ್ಯ ಪ್ರಾಧಿಕಾರ ಬೆಂಗಳೂರಿನಲ್ಲಿದೆ. ಕೆರೂರಿನವ ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸಿ ಹೋಗಬೇಕು. ಜಿಲ್ಲೆಯದ್ದನ್ನು ಹುಡುಕಲು ಬಾಗಲಕೋಟೆಯ ನವನಗರದಲ್ಲಿ ಆಟೊ ಹತ್ತಿ ಹೆಸರು ಹೇಳಿ ನೋಡಿ. ಆಟೊದವ ನಿಮ್ಮನ್ನು ಠಾಣೆಯ ಮುಂದೆಯೇ ಇಳಿಸುತ್ತಾನೆ.

ಈ ಕೈಪಿಡಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ. ಬಸವನಹಳ್ಳಿಯವನು ಮನೆಗೆ ಬಂದ, ಮೃತಳು ಬದುಕಿದ್ದಾಳೆ. ಹಾಗಾದರೆ ಬೆಟ್ಟದಪುರದಲ್ಲಿ ಸಿಕ್ಕ ಎಲುಬು ಯಾರವು ಎಂದು ಮಾತ್ರ ಕೇಳಲು ಹೋಗಬೇಡಿ. ಯಾವನೋ ಬಂದು ಕಾಣೆಯಾದವರ ದೂರು ಕೊಡುವವರೆಗೆ ಕಾಯಿರಿ.