ಗಾಳಸೂತ್ರ ಮೀಮಾಂಸೆ: ಬಾರ್ಬೆಲ್ ಪ್ರಕರಣ

ಇಂಗ್ಲೆಂಡಿನ ನದಿಗಳಲ್ಲಿ ವಾಸಿಸುವ ಬಾರ್ಬೆಲ್ ಎಂಬ ಮೀನಿಗೆ ಗಾಳ ಹಾಕುವಾಗ ಎಂಥ ದಾರವನ್ನು ಬಳಸಬೇಕು ಎಂಬ ಪ್ರಶ್ನೆಯು ಅಂಗಡಿಯ ಗಲ್ಲಾದ ಮುಂದೆ ಎರಡು ನಿಮಿಷದಲ್ಲಿ ಇತ್ಯರ್ಥವಾಗಬೇಕಾದ ಲೌಕಿಕ ವ್ಯವಹಾರದಂತೆ ತೋರಿದರೂ, ಆ ದೇಶದವರು ಐದು ಶತಮಾನಗಳಿಗೂ ಮಿಕ್ಕಿ ಗಾಳದ ದಾರದ ಬಗ್ಗೆ ಬರೆದು ವಾದಿಸಿಕೊಂಡು ಬಂದಿರುವ ಪರಿಯನ್ನು ನೋಡಿದರೆ ಇದನ್ನು ಸ್ವತಂತ್ರ ಶಾಸ್ತ್ರವೆಂದು ಒಪ್ಪದೆ ಗತ್ಯಂತರವಿಲ್ಲ. ಶಾಸ್ತ್ರವೆಂದ ಮೇಲೆ ಅನುಬಂಧಚತುಷ್ಟಯವನ್ನು, ಅಂದರೆ ಗ್ರಂಥಾರಂಭದಲ್ಲಿ ಹೇಳಲೇಬೇಕಾದ ವಿಷಯ, ಸಂಬಂಧ, ಅಧಿಕಾರಿ, ಪ್ರಯೋಜನ ಎಂಬ ನಾಲ್ಕನ್ನು, ಮೊದಲು ನಿರೂಪಿಸಬೇಕಾಗುತ್ತದೆ. ಇಲ್ಲಿ ವಿಷಯವು ದಾರ. ಸಂಬಂಧವು ಗಂಟು. ಅಧಿಕಾರಿಯು ಸರ್ಕಾರದ ಪರವಾನಗಿ ಪಡೆದು, ದೊಡ್ಡ ಕೊಡೆಯ ಕೆಳಗೆ ಮಡಚುವ ಕುರ್ಚಿಯಲ್ಲಿ ಇರುಳೆಲ್ಲ ಕೂತು, ಏನೂ ಸಿಗದೆ ಮನೆಗೆ ಮರಳಿದರೂ ನದಿಯನ್ನು ದೂಷಿಸದವನು. ಪ್ರಯೋಜನವನ್ನು ಹೇಳುವುದು ಮಾತ್ರ ಕೊಂಚ ಕಷ್ಟ. ಏಕೆಂದರೆ ಬಾರ್ಬೆಲ್‌ನ ಮಾಂಸದ ತುಂಬ ಮುಳ್ಳು, ಅದರ ಮೊಟ್ಟೆ ವಿಷಕಾರಿ, ಹಿಡಿದದ್ದನ್ನು ತೂಗಿ, ಫೋಟೋ ತೆಗೆದು, ಮತ್ತೆ ಹೊಳೆಗೇ ಬಿಡುವುದು ಅಲ್ಲಿಯ ಶಿಷ್ಟಾಚಾರ. ಹೀಗಾಗಿ ಫಲಾಪೇಕ್ಷೆಯಿಲ್ಲದ ಕರ್ಮಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನವು ಪಾಶ್ಚಾತ್ಯ ಜಗತ್ತಿನಲ್ಲಿ ದೊರೆಯುವುದು ದುರ್ಲಭ.

ಮೀನಿನ ಸ್ವರೂಪವನ್ನು ಅರಿಯದೆ ದಾರದ ಸ್ವರೂಪವು ತಿಳಿಯದು. ಲಿನೇಯಸ್ 1758ರಲ್ಲಿ ಹೆಸರಿಟ್ಟ ಈ ಜೀವಿಗೆ ಬಾಯಿ ತಲೆಯ ಅಡಿಯಲ್ಲಿದೆ, ಬಾಯಿಯ ಸುತ್ತ ನಾಲ್ಕು ಮೀಸೆಗಳಿವೆ, ದವಡೆಯಲ್ಲಿ ಒಂದೂ ಹಲ್ಲಿಲ್ಲದಿದ್ದರೂ ಗಂಟಲಿನಲ್ಲಿ ಮೂರು ಸಾಲು ಹಲ್ಲುಗಳಿವೆ, ಮತ್ತು ಬೆನ್ನಿನ ರೆಕ್ಕೆಯ ಮುಂಭಾಗದ ಗಟ್ಟಿ ಮುಳ್ಳಿನ ಹಿಂಬದಿಯಲ್ಲಿ ಗರಗಸದಂಥ ಕಚ್ಚುಗಳಿವೆ. ಹೊಳೆಯ ತಳದ ಜಲ್ಲಿಯನ್ನು ಮೀಸೆಯಿಂದ ತಡಕಾಡಿ ಹುಳುಹುಪ್ಪಟೆ ತಿನ್ನುವ ಈ ಪ್ರಾಣಿಯು ಗಾಳಕ್ಕೆ ಸಿಕ್ಕಿದೊಡನೆ ಮೇಲಕ್ಕೆ ಹಾರಿ ಆಟ ತೋರಿಸುವ ಬದಲು, ತಳಕ್ಕೇ ಅಂಟಿಕೊಂಡು, ಹತ್ತಿರದ ಮರದ ಬೇರು ಅಥವಾ ಮುರಿದ ಸೇತುವೆಯ ಕಲ್ಲುಗುಪ್ಪೆಯನ್ನು ಗುರಿಯಿಟ್ಟು ಓಡುತ್ತದೆ. ಇಂಗ್ಲೆಂಡಿನಲ್ಲಿ ಮೂಲತಃ ಇದು ಪೂರ್ವಕ್ಕೆ ಹರಿಯುವ ಥೇಮ್ಸ್, ಟ್ರೆಂಟ್ ಮೊದಲಾದ ನದಿಗಳ ನಿವಾಸಿ. ಬ್ರಿಟನ್ ಯುರೋಪಿನೊಡನೆ ನೆಲದಿಂದ ಕೂಡಿಕೊಂಡಿದ್ದ ಕಾಲದಲ್ಲಿ ಆ ನದಿಗಳು ರೈನ್ ನದಿಯ ಜಾಲಕ್ಕೆ ಸೇರಿದ್ದವೆಂಬುದೇ ಅದಕ್ಕೆ ಕಾರಣ. ಪಶ್ಚಿಮಕ್ಕೆ ಹೊರಳುವ ಸೆವರ್ನ್‌ಗೆ ಅದು ತಾನಾಗಿ ಹೋಗಲಾರದೆ ಹೋದದ್ದರಿಂದ, 1956ರಲ್ಲಿ ಕೆನೆಟ್ ನದಿಯ ಸುಮಾರು ಐನೂರು ಮೀನುಗಳನ್ನು ಅಲ್ಲಿಗೆ ವರ್ಗಾಯಿಸಲಾಯಿತು. ಸರ್ಕಾರಿ ವರ್ಗಾವಣೆಗಳ ಇತಿಹಾಸದಲ್ಲಿ ವರ್ಗವಾದವರು ಹೊಸ ಊರಿಗೆ ಇಷ್ಟು ಬೇಗ ಒಗ್ಗಿಕೊಂಡ ದೃಷ್ಟಾಂತಗಳು ಹೆಚ್ಚಿಲ್ಲ. ಬ್ರಿಟನ್ನಿನ ದಾಖಲೆಯ ಮೀನು 21 ಪೌಂಡಿಗೆ ತುಸು ಮೇಲು, ಎಂದರೆ ಒಂಬತ್ತೂವರೆ ಕಿಲೋದ ಆಸುಪಾಸು.

ಕನ್ನಡನಾಡಿಗೂ ಈ ಶಾಸ್ತ್ರಕ್ಕೂ ಒಂದು ದಾಯಾದಿ ಸಂಬಂಧವುಂಟು. ಕಾವೇರಿಯ ಮಹಶೀರ್ ಮೀನನ್ನು ವಿಜ್ಞಾನಿಗಳು ಬಹುಕಾಲ ಬಾರ್ಬೆಲ್‌ನ ಕುಲವಾದ ಬಾರ್ಬಸ್‌ನಲ್ಲಿಯೇ ಇರಿಸಿದ್ದರು; ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳಗಾರಿಕೆಯ ಕುರಿತು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವು 1873ರಲ್ಲಿ ಮಂಗಳೂರಿನಿಂದಲೇ ಪ್ರಕಟವಾಯಿತು. ಕಾವೇರಿಯ ನದೀಜಾಲದಲ್ಲಿ 1946ರಲ್ಲಿ ಸಿಕ್ಕ ಮಹಶೀರ್ 120 ಪೌಂಡ್ ತೂಗಿತೆಂಬುದನ್ನು ನೆನೆದರೆ, 21 ಪೌಂಡಿಗಾಗಿ ಇಷ್ಟು ಮೀಮಾಂಸೆಯೇ ಎಂದು ಇಲ್ಲಿಯವರು ಮೂಗು ಮುರಿಯಬಹುದು. ಆದರೆ ಶಾಸ್ತ್ರದ ಗಾತ್ರವು ವಿಷಯದ ಗಾತ್ರಕ್ಕೆ ವಿಲೋಮವಾಗಿ ಬೆಳೆಯುತ್ತದೆಂಬುದು ವಿಶ್ವವಿದ್ಯಾಲಯಗಳನ್ನು ಕಂಡವರಿಗೆ ಹೊಸದಲ್ಲ.

ಪ್ರಾಚೀನರ ಮತವನ್ನು ಈಗ ಪರಿಶೀಲಿಸಬಹುದು. 1496ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಂಕಿನ್ ಡಿ ವರ್ಡ್ ಅಚ್ಚುಹಾಕಿದ, ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಕೃತಿಯೆಂದು ಪರಂಪರೆ ಹೇಳುವ ಮತ್ತು ವಿದ್ವಾಂಸರು ಒಪ್ಪಲು ಹಿಂಜರಿಯುವ ಗಾಳಪ್ರಬಂಧದಲ್ಲಿ, ಕುದುರೆಬಾಲದ ಕೂದಲನ್ನು ಹೊಸೆದು ದಾರ ಮಾಡುವ ವಿಧಿಯೂ, ಯಾವ ಮೀನಿಗೆ ಎಷ್ಟು ಕೂದಲು ಎಂಬ ತಾರತಮ್ಯವೂ ಉಕ್ತವಾಗಿವೆ. ಅದರ ಪ್ರಕಾರ ಮಿನ್ನೋ ಎಂಬ ಕಿರುಮೀನಿಗೆ ಒಂದು ಕೂದಲು, ಬಾರ್ಬೆಲ್‌ಗೆ ಒಂಬತ್ತು, ಸಾಲ್ಮನ್‌ಗೆ ಹದಿನೈದು. ಕುದುರೆಯ ಅಭಿಪ್ರಾಯವನ್ನು ಗ್ರಂಥವು ದಾಖಲಿಸಿಲ್ಲ. 1653ರಲ್ಲಿ ಐಸಾಕ್ ವಾಲ್ಟನ್ ತನ್ನ ‘ದಿ ಕಂಪ್ಲೀಟ್ ಆಂಗ್ಲರ್’ ಕೃತಿಯಲ್ಲಿ ಬಾರ್ಬೆಲ್ ಮೀನನ್ನು ಪ್ರತ್ಯೇಕವಾಗಿ ವಿವೇಚಿಸಿದನು. ವೃತ್ತಿಯಿಂದ ಬಟ್ಟೆ ವ್ಯಾಪಾರಿಯಾಗಿದ್ದ ಅವನಿಗೆ ನೂಲಿನ ವಿಷಯದಲ್ಲಿ ಮಾತಾಡುವ ಅಧಿಕಾರವು ಗಾಳಗಾರಿಕೆಗೂ ಮೊದಲೇ ಪ್ರಾಪ್ತವಾಗಿತ್ತು. ತರುವಾಯ ಬಂದದ್ದು ರೇಷ್ಮೆಹುಳುವಿನ ಕರುಳೆಂದು ಕರೆಸಿಕೊಂಡ ಎಳೆ. ರಾಮನಗರದ ಮಾರುಕಟ್ಟೆಯನ್ನು ಬಲ್ಲ ಓದುಗರು ಇಲ್ಲಿ ಗೂಡನ್ನು ಕಲ್ಪಿಸಿಕೊಳ್ಳಬಾರದು. ಹುಳುವಿಗೆ ಗೂಡು ಕಟ್ಟುವ ಅವಕಾಶವನ್ನೇ ಕೊಡದೆ, ಅದನ್ನು ವಿನೆಗರಿನಲ್ಲಿ ನೆನೆಸಿ, ಒಳಗಿನ ರೇಷ್ಮೆಗ್ರಂಥಿಯನ್ನು ಹಿಡಿದೆಳೆದು ಒಂದೇ ಗಟ್ಟಿ ಎಳೆಯನ್ನಾಗಿ ಮಾಡುತ್ತಿದ್ದರು, ಸ್ಪೇನಿನ ಮುರ್ಸಿಯಾ ಪ್ರಾಂತವು ಅದಕ್ಕೆ ಹೆಸರಾಗಿತ್ತು. 1935ರಲ್ಲಿ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರೋದರ್ಸ್‌ನ ತಂಡವು ನೈಲಾನನ್ನು ಸೃಷ್ಟಿಸಿದ ಮೇಲೆ ಕುದುರೆಯೂ ಹುಳುವೂ ಕ್ರಮೇಣ ಈ ಸೇವೆಯಿಂದ ನಿವೃತ್ತಿ ಪಡೆದವು.

ಉತ್ತಮ ದಾರದ ಲಕ್ಷಣವೇನು? ‘ಕಡಿಯದಿರುವುದೇ ಉತ್ತಮ ದಾರ’ ಎಂದು ಪೂರ್ವಪಕ್ಷ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ, ಎಂದರೆ ಬೇಡದ ವಸ್ತುವಿಗೂ ಅದು ಅನ್ವಯಿಸುತ್ತದೆ; ಹಡಗು ಕಟ್ಟುವ ಹಗ್ಗವೂ ಕಡಿಯುವುದಿಲ್ಲ, ಆದರೆ ಅದರ ತುದಿಗೆ ಸಿಕ್ಕಿಸಿದ ಎರೆಯನ್ನು ಬಾರ್ಬೆಲ್ ಮುಟ್ಟುವುದಿಲ್ಲ. ‘ಮೀನಿಗೆ ಕಾಣದಿರುವುದೇ ಉತ್ತಮ’ ಎಂದರೆ ದಾರವೇ ಕಟ್ಟದ ಗಾಳವು ಸರ್ವೋತ್ತಮವೆಂದಾಗುತ್ತದೆ. ಆದ್ದರಿಂದ ಕಲ್ಲಿಗೆ ಉಜ್ಜಿದರೂ ತಾಳುವ, ಗಂಟಿನಲ್ಲಿಯೂ ಬಲ ಉಳಿಸಿಕೊಳ್ಳುವ, ನದಿಯ ತಳಕ್ಕೆ ಮೈಚೆಲ್ಲಿ ಮಲಗುವ ದಾರವೆಂಬ ಮೂರಂಶದ ಲಕ್ಷಣವನ್ನು ಸಿದ್ಧಾಂತಿಗಳು ಸ್ವೀಕರಿಸುತ್ತಾರೆ. ಸ್ವೀಕರಿಸಿದ ಕೂಡಲೇ ಮೂರು ಮತಗಳಾಗಿ ಒಡೆಯುತ್ತಾರೆ.

ಮೊದಲನೆಯದು ನೈಲಾನ್ ಮತ. ಒಂಟಿ ಎಳೆಯ ನೈಲಾನ್ ಕಡಿಯುವ ಮುನ್ನ ಉದ್ದದ ಕಾಲುಭಾಗದಷ್ಟು ಹಿಗ್ಗಬಲ್ಲದು, ಮೀನಿನ ಮೊದಲ ಜಗ್ಗನ್ನು ಆ ಹಿಗ್ಗು ನುಂಗಿಕೊಳ್ಳುತ್ತದೆ, ಬೆಲೆಯೂ ಕಡಿಮೆ. ಪ್ರತಿವಾದಿಗಳು ಎತ್ತುವ ಆಕ್ಷೇಪವೇನೆಂದರೆ ನೈಲಾನ್ ನೀರನ್ನು ಹೀರಿಕೊಂಡು ಬಲವನ್ನು ಒಂದಿಷ್ಟು ಕಳೆದುಕೊಳ್ಳುತ್ತದೆ. ಮೀನುಗಳು ದುರದೃಷ್ಟವಶಾತ್ ಒದ್ದೆಯಾದ ಸ್ಥಳಗಳಲ್ಲಿಯೇ ದೊರೆಯುವುದರಿಂದ ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ.

ಎರಡನೆಯದು ಹೆಣಿಗೆ ಮತ. ಅತಿ ದೀರ್ಘ ಅಣುಸರಪಳಿಯ ಪಾಲಿಥೀನ್ ನಾರುಗಳನ್ನು ಹೆಣೆದ ಈ ದಾರವು ನೈಲಾನಿನ ಅರ್ಧ ದಪ್ಪದಲ್ಲಿಯೇ ಅದಕ್ಕಿಂತ ಹೆಚ್ಚು ಭಾರವನ್ನು ಹೊರುತ್ತದೆ, ಬಹುಮಟ್ಟಿಗೆ ಹಿಗ್ಗುವುದೇ ಇಲ್ಲ, ಮೀನು ಉಸಿರಾಡಿದರೂ ಕೋಲಿನ ತುದಿಗೆ ಸುದ್ದಿ ಮುಟ್ಟಿಸುತ್ತದೆ. ಆದರೆ ಅದರ ಸಾಂದ್ರತೆ ನೀರಿಗಿಂತ ಕೊಂಚ ಕಡಿಮೆಯಾದ್ದರಿಂದ ಅದು ತೇಲುತ್ತದೆ. ಮೇಲಾಗಿ ಎಳೆಯುವ ಬಲವನ್ನು ತಾಳುವ ಅದರ ಸಪೂರ ನಾರುಗಳು ಚೂಪು ಕಲ್ಲಿನ ಅಂಚಿಗೆ ಬಿಗಿಯಾಗಿ ತಾಗಿದಾಗ ಒಂದೊಂದಾಗಿ ರಾಜೀನಾಮೆ ಕೊಡುತ್ತವೆ. 1820ರ ದಶಕದಲ್ಲಿ ಬ್ರಿಟನ್ನಿಗೆ ಬಂದಿಳಿದ ಜೀಬ್ರಾ ಚಿಪ್ಪುಜೀವಿಗಳು ಹಲವು ನದಿಗಳ ಕಲ್ಲುಗಳಿಗೆ ಚೂಪಂಚಿನ ಕವಚ ತೊಡಿಸಿರುವುದರಿಂದ ಈ ಮತದವರ ಸಂಕಟವು ಇಮ್ಮಡಿಸಿದೆ.

ಮೂರನೆಯದು ಫ್ಲೋರೋಕಾರ್ಬನ್ ಮತ, ಇವರನ್ನು ಅದೃಶ್ಯವಾದಿಗಳೆನ್ನಬಹುದು. ಬೆಳಕನ್ನು ಬಾಗಿಸುವ ಗುಣವನ್ನು ಅಳೆಯುವ ವಕ್ರೀಭವನ ಸೂಚಿಯು ನೀರಿಗೆ 1.33, ಫ್ಲೋರೋಕಾರ್ಬನ್ನಿಗೆ 1.42, ನೈಲಾನಿಗೆ ಸುಮಾರು 1.53 ಇರುವುದರಿಂದ ತಮ್ಮ ದಾರವು ನೀರಿನಲ್ಲಿ ಕರಗಿಹೋದಂತೆ ಇರುತ್ತದೆಂಬುದು ಇವರ ವಾದ. ಹಗ್ಗವನ್ನು ಹಾವೆಂದು ಭ್ರಮಿಸುವ ಮನುಷ್ಯನಿಂದ ವೇದಾಂತದ ಕೆಲಸ ನಡೆದುಹೋಯಿತು. ಈ ಮತಕ್ಕಾದರೋ ಹಗ್ಗವನ್ನು ಇಲ್ಲವೆಂದೇ ಭ್ರಮಿಸುವ ಮೀನು ಬೇಕು. 1.42 ಎಂಬುದು 1.33 ಅಲ್ಲವೆಂಬ ಗಣಿತವನ್ನು ಬದಿಗಿಟ್ಟರೂ, ಇರುಳಿನಲ್ಲಿ ಕಲಕಿದ ನೀರಿನೊಳಗೆ ಮೀಸೆಯಿಂದ ಆಹಾರ ಹುಡುಕುವ ಪ್ರಾಣಿಯ ಕಣ್ಣಿಗೆ ಮಾತ್ರ ಮರೆಮಾಚುವುದರಿಂದ ಏನು ಸಾಧಿಸಿದಂತಾಯಿತೆಂಬುದು ಸ್ಪಷ್ಟವಿಲ್ಲ. ಬಾರ್ಬೆಲ್ ಹೆದರುವುದು ಬಿಗಿದ ದಾರವು ಮೈಗೆ ತಗಲಿದಾಗ. ಫ್ಲೋರೋಕಾರ್ಬನ್ ನೀರಿಗಿಂತ ಮುಕ್ಕಾಲು ಪಾಲು ಹೆಚ್ಚು ಸಾಂದ್ರವಾಗಿದ್ದು ತಳ ಸೇರುತ್ತದೆಂಬ ನಿಜವಾದ ಗುಣವನ್ನು ಅದರ ಅನುಯಾಯಿಗಳು ಎರಡನೆಯ ಸಾಲಿನಲ್ಲಿ ಹೇಳುತ್ತಾರೆ.

ದಾರದ ಬಲಾಬಲವನ್ನು ಅರಿಯುವ ಸಾಧನಗಳು, ಎಂದರೆ ಪ್ರಮಾಣಗಳು, ಮೂರು. ರೀಲಿನ ಪೆಟ್ಟಿಗೆಯ ಮೇಲಿನ ಚೀಟಿಯು ಶಬ್ದಪ್ರಮಾಣ. ಅದರಲ್ಲಿ 10 ಪೌಂಡ್ ಎಂದಿದ್ದರೆ ದಾರವು ಹಲವು ವೇಳೆ ಅದಕ್ಕೂ ಹೆಚ್ಚು ತಾಳುತ್ತದೆ, ಏಕೆಂದರೆ ಚೀಟಿಯಲ್ಲಿ ಕಾಣಿಸಿದ ದಪ್ಪಕ್ಕಿಂತ ಒಳಗಿನ ದಪ್ಪ ಉದಾರವಾಗಿರುವುದುಂಟು. ದಾಖಲೆ ಸ್ಥಾಪಿಸಬಯಸುವವರಿಗಾಗಿ ಇದಕ್ಕೆ ತದ್ವಿರುದ್ಧವಾಗಿ, ಹೇಳಿದ ಭಾರಕ್ಕಿಂತ ಮೊದಲೇ ಖಂಡಿತವಾಗಿ ಕಡಿಯುತ್ತದೆಂಬ ಭರವಸೆಯೊಡನೆ ಮಾರುವ ದಾರವೂ ಇದೆ. ಸರಕು ಕೈಕೊಡುವುದನ್ನೇ ಗ್ಯಾರಂಟಿ ಮಾಡುವ ವ್ಯಾಪಾರವು ಪ್ರಾಮಾಣಿಕತೆಯ ಪರಾಕಾಷ್ಠೆಯೆನ್ನದೆ ವಿಧಿಯಿಲ್ಲ. ದಾರವನ್ನು ನೆನೆಸಿ, ಗಂಟು ಹಾಕಿ, ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆಯುವುದು ಪ್ರತ್ಯಕ್ಷಪ್ರಮಾಣ. ಮೀನು ತಪ್ಪಿಸಿಕೊಂಡ ಮೇಲೆ ಉಳಿಯುವುದು ಅನುಮಾನಪ್ರಮಾಣ ಮಾತ್ರ: ತುಂಡಾದ ತುದಿ ಸುರುಳಿ ಸುತ್ತಿದ್ದರೆ ಗಂಟು ಜಾರಿತೆಂದೂ, ನುಣುಪಾಗಿ ಕತ್ತರಿಸಿದಂತಿದ್ದರೆ ಚಿಪ್ಪಿಗೋ ಚೂಪುಕಲ್ಲಿಗೋ ತಗಲಿತೆಂದೂ, ಕೊನೆಯ ಮೊಳದುದ್ದ ತರಿತರಿಯಾಗಿದ್ದರೆ ಹೊಳೆಯ ತಳಕ್ಕೆ ಉಜ್ಜಿ ಸವೆಯಿತೆಂದೂ ಊಹಿಸಬೇಕು. ಮೀನಿನ ಬೆನ್ನಿನ ಗರಗಸವೇ ಕೊಯ್ದಿತೆಂಬುದು ಈ ಮೂರರಲ್ಲಿ ಯಾವುದನ್ನೂ ಒಪ್ಪಿಕೊಳ್ಳಲು ಮನಸ್ಸಿಲ್ಲದವರಿಗೆ ಪ್ರಿಯವಾದ ಊಹೆ.

ಇಲ್ಲಿಯೇ ಶಾಸ್ತ್ರದ ಮರ್ಮವಿದೆ. ಬಾರ್ಬೆಲ್ ಕೋಲುಗಳನ್ನು ಒಂದೂಮುಕ್ಕಾಲು ಪೌಂಡಿನ ಪರೀಕ್ಷೆಯ ಕೋಲು ಎಂದು ಗುರುತಿಸುವುದು ವಾಡಿಕೆ. ತುದಿಗೆ ಅಷ್ಟು ಭಾರ ತೂಗಿಬಿಟ್ಟರೆ ಕೋಲು ಲಂಬಕೋನಕ್ಕೆ ಬಾಗುತ್ತದೆ ಎಂದರ್ಥ. ಪೂರ್ತಿ ಬಾಗಿದ ಕೋಲಿನಿಂದ 10 ಪೌಂಡಿನ ದಾರವನ್ನು ಬರಿದೆ ಎಳೆದು ಕಡಿಯಲು ಹೊರಟವನಿಗೆ ದಾರಕ್ಕಿಂತ ಮೊದಲು ತೋಳು ಸೋಲುತ್ತದೆ. ನೀರಿನೊಳಗೆ ಮೀನಿನ ತೂಕವೂ ಲೆಕ್ಕಕ್ಕಿಲ್ಲ. ಆದ್ದರಿಂದ ದಾರವನ್ನು ಮೀನಿಗೆ ತಕ್ಕಂತೆ ಆರಿಸುವುದು ಮೂಲಭೂತ ಪ್ರಮಾದ, ಆರಿಸಬೇಕಾದದ್ದು ಕಲ್ಲಿಗೆ ತಕ್ಕಂತೆ. ದಪ್ಪವು 0.30ರಿಂದ 0.35 ಮಿಲಿಮೀಟರಿಗೆ ಏರಿದರೆ ಅಡ್ಡಕೊಯ್ತದ ವಿಸ್ತೀರ್ಣವು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ, ಹರಿವು ದಾರದ ಮೇಲೆ ಹೇರುವ ಒತ್ತಡವು ಆರರಲ್ಲೊಂದು ಪಾಲು ಮಾತ್ರ ಹೆಚ್ಚುತ್ತದೆ. ಇಷ್ಟು ಲಾಭದ ವ್ಯಾಪಾರವು ನದಿಯ ದಡದಲ್ಲಿ ಬೇರೊಂದಿಲ್ಲ. ಟ್ರೆಂಟ್‌ನಂಥ ರಭಸದ ಹೊಳೆಗೆ 12 ಪೌಂಡಿನ ಸಾಧಾರಣ ನೈಲಾನ್ ಸಾಕೆಂಬ ನಿರ್ಣಯಕ್ಕೆ ಬರಲು ಇಷ್ಟೂ ಪುಟಗಳು ಬೇಕಾದವು, ಅಂಗಡಿಯವನು ಅದನ್ನು ಮೊದಲೇ ಹೇಳಿರುತ್ತಾನೆ. ತೆಳು ದಾರದಲ್ಲಿ ದೊಡ್ಡ ಮೀನನ್ನು ಆಡಿಸುವುದು ಧರ್ಮಯುದ್ಧವೆಂದು ಕೊಚ್ಚಿಕೊಳ್ಳುವವರ ಪಕ್ಷವು ಇಲ್ಲಿ ಖಂಡನೀಯ: ಬಾರ್ಬೆಲ್ ಶಕ್ತಿ ಪೂರ್ತಿ ಉಡುಗುವವರೆಗೆ ಹೋರಾಡುತ್ತದೆ, ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ, ಅಂಥ ಮೀನನ್ನು ಹರಿವಿಗೆ ಮುಖ ಮಾಡಿ ಬಹಳ ಹೊತ್ತು ಹಿಡಿದು ನಿಲ್ಲದಿದ್ದರೆ ಅದು ಹೊಟ್ಟೆ ಮೇಲಾಗಿ ತೇಲಿಹೋಗುತ್ತದೆ.

ಸಂಬಂಧವೆನಿಸಿದ ಗಂಟಿನ ವಿಷಯದಲ್ಲಿ ಮತಭೇದ ಕಡಿಮೆ. ಗ್ರಿನ್ನರ್, ಪಾಲೋಮಾರ್ ಎಂಬ ಎರಡು ಗಂಟುಗಳು ಸರ್ವಸಮ್ಮತ. ಬಿಗಿಯುವ ಮೊದಲು ಗಂಟನ್ನು ಉಗುಳಿನಿಂದ ಒದ್ದೆ ಮಾಡದಿದ್ದರೆ ತಿಕ್ಕಾಟದ ಬಿಸಿಗೆ ನೈಲಾನ್ ಹಾಳಾಗುತ್ತದೆ, ಆದ್ದರಿಂದ ಮಡಿವಂತರಿಗೆ ಎಷ್ಟೇ ಸಂಕೋಚವಾದರೂ ಈ ಸಂಸ್ಕಾರದಲ್ಲಿ ಎಂಜಲೇ ತೀರ್ಥ. ಗಾಳಕ್ಕೆ ಹತ್ತಿರದ ಗೇಣುದ್ದದ ದಾರವು ಮುಖ್ಯ ದಾರಕ್ಕಿಂತ ದುರ್ಬಲವಾಗಿರಬೇಕು. ಕಡಿಯುವುದೇ ಆದರೆ ಅಲ್ಲಿ ಕಡಿದರೆ, ಸೀಸದ ಗುಂಡನ್ನೂ ಗಜಗಟ್ಟಲೆ ನೈಲಾನನ್ನೂ ಎಳೆದುಕೊಂಡು ಹೋಗಿ ಬೇರಿಗೆ ಸಿಕ್ಕಿಕೊಳ್ಳುವ ಗತಿ ಮೀನಿಗೆ ಬರುವುದಿಲ್ಲ. ಬಣ್ಣದ ಚರ್ಚೆ ದೊಡ್ಡದಾದರೂ ಹುರುಳು ಚಿಕ್ಕದು. 1496ರ ಗ್ರಂಥವು ಕೂದಲಿಗೆ ಹಳದಿ, ಹಸಿರು, ಕಂದು ಸೇರಿ ಆರು ಬಣ್ಣಗಳನ್ನು ವಿಧಿಸಿತ್ತು. ಇಂದಿನವರು ಕಂದನ್ನು ಕೊಂಡು, ಊಸರವಳ್ಳಿಯ ಹೆಸರಿನ ಪೆಟ್ಟಿಗೆಯಲ್ಲಿ ಬಂದದ್ದೆಂಬ ಧೈರ್ಯದ ಮೇಲೆ ನಿಶ್ಚಿಂತರಾಗಿದ್ದಾರೆ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ನೈಲಾನ್ ಶಿಥಿಲವಾಗುವುದರಿಂದ ವರ್ಷಕ್ಕೊಮ್ಮೆ ದಾರ ಬದಲಿಸಬೇಕೆಂಬುದೂ, ಹಳೆಯದನ್ನು ದಡದಲ್ಲಿ ಎಸೆದರೆ ಹಂಸಗಳ ಕಾಲಿಗೂ ಕೊರಳಿಗೂ ಸುತ್ತಿಕೊಳ್ಳುವುದರಿಂದ ಚೂರು ಮಾಡಿ ಕಸಕ್ಕೆ ಹಾಕಬೇಕೆಂಬುದೂ ನಿರ್ವಿವಾದ.

ಫಲಶ್ರುತಿ. ಇಂಗ್ಲೆಂಡಿನ ನದಿಗಳಲ್ಲಿ ಪ್ರತಿವರ್ಷ ಮಾರ್ಚ್ 15ರಿಂದ ಜೂನ್ 15ರವರೆಗೆ ಬಾರ್ಬೆಲ್‌ನಂಥ ಮೀನುಗಳಿಗೆ ಗಾಳ ಹಾಕುವುದು ನಿಷಿದ್ಧ. ಗಾಳಗಾರರು ಹೊಳೆಗೆ ಹೋಗಲಾಗದೆ ಅಂಗಡಿಗೆ ಹೋಗುವ ಆ ಮೂರು ತಿಂಗಳಲ್ಲಿ ಈ ಪ್ರಕರಣವನ್ನು ನಿತ್ಯ ಪಾರಾಯಣ ಮಾಡುವವರು, ಮನೆಯಲ್ಲಿ ಮೂರು ರೀಲು ದಾರ ಬಿಚ್ಚದೆ ಬಿದ್ದಿರುವಾಗ ನಾಲ್ಕನೆಯದನ್ನು ಕೊಳ್ಳುವ ದುರ್ಬುದ್ಧಿಯಿಂದ ಪಾರಾಗುವರು. ಕೊಂಡೇ ತೀರುವವರು ಬಣ್ಣದ ವಿಷಯದಲ್ಲಿ ಅಂಗಡಿಯವನೊಡನೆ ಒಂದು ತಾಸು ವಾದಿಸುವ ಪಾಂಡಿತ್ಯವನ್ನಾದರೂ ಪಡೆಯುವರು. ಮೀನು ಸಿಗುವುದೆಂದು ಇಲ್ಲಿ ಎಲ್ಲಿಯೂ ಹೇಳಿಲ್ಲ.