ಪೆಟ್ಟಿಗೆ ರಾಯರು

ಲೋದಿ ಕಾಲದ ದರಿಯಾ ಖಾನ್ ಗೋರಿಯನ್ನು ಬಿಟ್ಟರೆ ದಿಲ್ಲಿಯ ಪೂರ್ವ ಕಿದ್ವಾಯಿ ನಗರದಲ್ಲಿ ಈಗ ಹಳೆಯದೆನ್ನುವಂಥದ್ದು ಹೆಚ್ಚೇನಿಲ್ಲ. ಸರಕಾರಿ ಕ್ವಾರ್ಟರ್ಸುಗಳನ್ನು ಕೆಡವಿ ಎನ್‌ಬಿಸಿಸಿಯವರು ಬಹುಮಹಡಿ ಎಬ್ಬಿಸಿದ್ದಾರೆ. ಅದರ ಸೇಡನ್ನೆಲ್ಲ ಪೆಟ್ಟಿಗೆ ರಾಯರು ತಮ್ಮ ಹಾಲ್‌ನಲ್ಲಿ ತೀರಿಸಿಕೊಳ್ಳುತ್ತಾರೆ.

ಕೇಂದ್ರ ಸರಕಾರದ ನೌಕರಿ, ಸಾಗರದ ಕಡೆಯ ಮನೆತನ, ಪಾಲಿಗೆ ಬಂದ ಹಲಸಿನ ಪೆಟ್ಟಿಗೆ ಕೂಡಿಬಂದರೆ ರಾಯರು ತಯಾರು. ಪೆಟ್ಟಿಗೆಗೆ ಪಾಲಿಶ್ ಇಲ್ಲ, ವಾರ್ನಿಶ್ ಇಲ್ಲ, ಇರಲೂ ಕೂಡದು. ಕೊಯ್ದಾಗ ಅರಿಸಿನ ಬಣ್ಣದ ಹಲಸು ವರ್ಷಗಟ್ಟಲೆ ಗಾಳಿ ಬೆಳಕು ಉಂಡು ಕಂದಾಗುತ್ತದೆ. ಕೀರ್ತಿ ನಗರದ ಬಡಗಿಯೊಬ್ಬ "ರೇಗ್‌ಮಾಲ್ ಮಾರ್ ದೂಂ ಸಾಬ್, ಚಮಕ್ ಜಾಯೇಗಾ" (ಮರಳುಕಾಗದ ಉಜ್ಜಿಕೊಡಲೇ, ಹೊಳೆಯುತ್ತದೆ) ಎಂದದ್ದೇ ತಡ, ಚಹಾ ಕೂಡ ಕೊಡದೆ ಕಳಿಸಿದರು.

ಮೇ ತಿಂಗಳ ಬಿಸಿಗಾಳಿ ಲೂ ಬೀಸಿದರೆ ಮರ ಅಡ್ಡಡ್ಡ ಕುಗ್ಗಿ ಮುಚ್ಚಳದ ಹಲಗೆಗಳ ನಡುವೆ ಸಂದು ಬಿಡುತ್ತದೆ. ರಾಯರು ಅದರಲ್ಲಿ ವಿಸಿಟಿಂಗ್ ಕಾರ್ಡ್ ತೂರಿಸಿ ಅಳೆಯುತ್ತಾರೆ. ಆಗಸ್ಟಿನ ತೇವಕ್ಕೆ ಕಾರ್ಡು ತೂರದಾದಾಗ ಮೊಮ್ಮಗ ಮೊದಲ ಹೆಜ್ಜೆ ಇಟ್ಟಷ್ಟು ಸಂಭ್ರಮ. ಏಸಿ ಹಚ್ಚಿದರೆ ಮರ ಒಣಗುತ್ತದೆಂದು ಮನೆಯವರು ಬೆವರಬೇಕು.

ಪೆಟ್ಟಿಗೆಗೆ ಒರೆಸುವ ಅಗಸೆ ಎಣ್ಣೆಯ ಪ್ರಸಂಗವೇ ಬೇರೆ. ತೆಂಗಿನೆಣ್ಣೆ ಒಣಗುವುದಿಲ್ಲ, ಧೂಳು ಹಿಡಿಯುತ್ತದೆ. ಅಗಸೆಯದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆಗ ಬಿಸಿ ಹುಟ್ಟುವುದರಿಂದ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನಾಗಿ ಹೊತ್ತಿಕೊಳ್ಳಬಹುದು. ಇದನ್ನು ತಿಳಿದ ರಾಯರು ಬನಿಯನ್ ಚೂರುಗಳನ್ನು ಬಾಲ್ಕನಿಯ ಹಗ್ಗಕ್ಕೆ ಒಂದೊಂದಾಗಿ ಹರವಿದರು. ಎಣ್ಣೆ ತೊಟ್ಟಿಕ್ಕಿದ್ದು ಕೆಳಮಹಡಿಯ ಕನ್ನಡಿಗರೊಬ್ಬರ ಬಿಳಿ ಪಂಚೆಯ ಮೇಲೆ. (ಅವರು ಯಾರೆಂದು ಕೇಳಬೇಡಿ, ಕಲೆ ಈಗಲೂ ಇದೆ.) ಜಗಳಕ್ಕೆ ಹೋದವರನ್ನು ರಾಯರು ಕೂರಿಸಿ ಕಾಫಿ ಕೊಟ್ಟರು. ಲೋಟ ಸುಡುತ್ತಿತ್ತು.

"ಅಯ್ಯೋ, ಪೆಟ್ಟಿಗೆ ಮೇಲೆ ಇಡಬೇಡಿ ಸಾರ್, ಉಂಗುರ ಬೀಳತ್ತೆ! ಪಂಚೆ ಬಿಡಿ, ಹೊಸದು ಸಿಗತ್ತೆ."

ಕಾಫಿ ಚೆನ್ನಾಗಿತ್ತೆಂಬುದನ್ನೂ ಹೇಳಬೇಕು. ಆಮೇಲೆ ಮುಚ್ಚಳ ಎತ್ತಿ ತೋರಿಸಿದರು. ಒಳಬದಿಗೆ ಎಣ್ಣೆ ಸೋಕಿಸಿಲ್ಲ. ಅಲ್ಲಿ ಅಜ್ಜ ಪೆನ್ಸಿಲಿನಲ್ಲಿ ಬರೆದ ಅಡಿಕೆ ಲೆಕ್ಕ, ಅರ್ಧಕ್ಕೆ ನಿಂತದ್ದು. ಒರೆಸುವ ಕೈ ಪ್ರತಿಸಲ ಅಲ್ಲಿಗೆ ಬಂದು ಹಿಂದೆ ಸರಿಯುತ್ತದಂತೆ.

ಈಗ ನಿವೃತ್ತಿ ಹತ್ತಿರ ಬಂದಿದೆ, ಕ್ವಾರ್ಟರ್ಸ್ ಬಿಡಬೇಕು. ಮಗ ನ್ಯೂಜೆರ್ಸಿಯಲ್ಲಿ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲವೆಂದು 1972ರ ಕಾಯ್ದೆಯನ್ನು ರಾಯರು ಎಲ್ಲರಿಗೂ ವಿವರಿಸುತ್ತಾರೆ. ಮಗ ಪೆಟ್ಟಿಗೆ ಕೇಳಿಯೇ ಇಲ್ಲವೆಂಬುದನ್ನು ಹೇಳುವುದಿಲ್ಲ. ಮೊನ್ನೆ ಪಂಚೆಯವರನ್ನು ಲಿಫ್ಟಿನಲ್ಲಿ ತಡೆದು ಮೆಲ್ಲಗೆ ಕೇಳಿದರು: "ನಿಮ್ಮ ಹಾಲ್‌ಗೆ ಸಂಜೆ ಬಿಸಿಲು ಬೀಳತ್ತಾ?"